ಇಂಗ್ಲಿಷ್ ಬರಲ್ಲ ಅಂತ ನಮ್ಮ ಮಕ್ಕಳನ್ನ ಬೈಯೋಕೆ ಮುಂಚೆ ಆ ಪುಟವನ್ನೊಮ್ಮೆ ನೋಡಿ



ಇವತ್ತಿನ ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಒಳಮೀಸಲಾತಿ ಬಗ್ಗೆ ಅಲ್ಲ, ಎಸ್‌ಸಿಎಸ್‌ಪಿ-ಟಿಎಸ್‌ಪಿ ದುಡ್ಡು ಯಾವ ಕಡೆ ಹರೀತು ಅನ್ನೋದರ ಬಗ್ಗೆಯೂ ಅಲ್ಲ. ಪುಸ್ತಕದ ಪುಟದಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು, ಸಾಲು ಎಷ್ಟು ಉದ್ದ ಇರಬೇಕು, ಎಲ್ಲಿ ಮುರೀಬೇಕು, ಅಂಚಿನಲ್ಲಿ ಎಷ್ಟು ಖಾಲಿ ಜಾಗ ಬಿಡಬೇಕು ಅನ್ನೋದರ ಬಗ್ಗೆ. "ಏನಣ್ಣಾ, ಡಿಟಿಪಿ ಅಂಗಡಿ ಇಟ್ಯಾ?" ಅಂತ ಕೇಳೋರು ಕೇಳಿ. ಆದರೆ ಪೂರ್ತಿ ಓದಿದ ಮೇಲೆ ಕೇಳಿ.

ಕೋಲಾರ ಜಿಲ್ಲೆಯ ಒಂದು ಹಾಸ್ಟೆಲ್‌ನಲ್ಲಿ ನಾವು ನಾಲ್ಕೈದು ಜನ ವಾರಕ್ಕೆರಡು ಸಂಜೆ ಮಕ್ಕಳ ಜೊತೆ ಕೂತು ಇಂಗ್ಲಿಷ್ ಓದಿಸ್ತೀವಿ. ಎಸ್ಸೆಸ್ಸೆಲ್ಸಿ ಮಕ್ಕಳು ಇದ್ದಾರೆ, ಕನ್ನಡ ಮೀಡಿಯಂನಲ್ಲಿ ಪಾಸಾಗಿ ಪಿಯುಸಿ ಸೈನ್ಸಿಗೆ ಸೇರಿ ದಿಕ್ಕು ತಪ್ಪಿದ ಮಕ್ಕಳೂ ಇದ್ದಾರೆ. ಅವರು ಓದೋದನ್ನ ಪಕ್ಕದಲ್ಲಿ ಕೂತು ನೋಡಿದರೆ ಕೆಲವು ಸಂಗತಿ ಕಣ್ಣಿಗೆ ಬೀಳುತ್ತೆ. ಸಾಲಿನ ಕೆಳಗೆ ಬೆರಳಿಟ್ಟು ಓದ್ತಾರೆ. ಸಾಲು ಮುಗಿದಾಗ ಬೆರಳು ವಾಪಸ್ ಬಂದು ಅದೇ ಸಾಲಿಗೆ ಕೂರುತ್ತೆ, ಇಲ್ಲಾಂದ್ರೆ ಒಂದು ಸಾಲು ಹಾರಿ ಅದರ ಕೆಳಗಿನದಕ್ಕೆ ಕೂರುತ್ತೆ. ಅರ್ಥ ಕೆಡುತ್ತೆ. ಮಗುವಿಗೆ ಅನ್ನಿಸೋದು "ನಂಗೆ ಇಂಗ್ಲಿಷ್ ಅರ್ಥ ಆಗಲ್ಲ" ಅಂತ. ಸಾಲು ತಪ್ಪಿತು ಅಂತ ಅದಕ್ಕೆ ಗೊತ್ತೇ ಆಗಲ್ಲ.

ಅದೇ ಪ್ಯಾರಾವನ್ನ ನಾವು ಬೋರ್ಡಿನ ಮೇಲೆ ಬರೆದಾಗ ಅದೇ ಮಕ್ಕಳು ಓದ್ತಾರೆ. ಅರ್ಥವನ್ನೂ ಹೇಳ್ತಾರೆ, ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಅದೇ ಪದಗಳು, ಅದೇ ಮಗು, ಅದೇ ಅರ್ಧ ಗಂಟೆ. ಬದಲಾಗಿದ್ದು ಏನು? ಬೋರ್ಡು ಚಿಕ್ಕದು, ಅಕ್ಷರ ದೊಡ್ಡದು, ಸಾಲು ಗಿಡ್ಡ. ಬರೆಯೋನು ಬಾಯಲ್ಲಿ ಹೇಳ್ಕೊಂಡು ಬರೀತಾನೆ, ಹಾಗಾಗಿ ಮಾತು ಎಲ್ಲಿ ನಿಲ್ಲುತ್ತೋ ಅಲ್ಲೇ ಸಾಲೂ ಮುರಿಯುತ್ತೆ.

ಇದು ಬರೀ ನಮ್ಮ ಹಾಸ್ಟೆಲ್ಲಿನ ಅನುಭವ ಅಂತ ತಳ್ಳಿಹಾಕಬೇಡಿ. ಓದುವಾಗ ಕಣ್ಣು ಏನು ಮಾಡುತ್ತೆ ಅನ್ನೋದನ್ನ ಅಳೆದು ನೋಡಿದ ವಿಜ್ಞಾನ ಇದೆ. ನಾವು ಅಂದ್ಕೊಂಡ ಹಾಗೆ ಕಣ್ಣು ಸಾಲಿನ ಮೇಲೆ ಸರಾಗವಾಗಿ ಜಾರಲ್ಲ. ಕಪ್ಪೆ ಥರ ಕುಪ್ಪಳಿಸುತ್ತೆ. ಇಂಗ್ಲಿಷ್ ಚೆನ್ನಾಗಿ ಬರೋ ಮನುಷ್ಯನ ಕಣ್ಣು ಒಂದು ಜಿಗಿತಕ್ಕೆ ಸುಮಾರು 7ರಿಂದ 9 ಅಕ್ಷರ ದಾಟಿ, ಹೆಚ್ಚುಕಮ್ಮಿ ಕಾಲು ಸೆಕೆಂಡು ನಿಂತು, ಮತ್ತೆ ಜಿಗಿಯುತ್ತೆ. ನಿಂತಾಗ ಬಲಗಡೆ ಸುಮಾರು 14-15 ಅಕ್ಷರದವರೆಗೂ ಅದಕ್ಕೆ ಸುಳಿವು ಸಿಗುತ್ತೆ. ಭಾಷೆ ಹೊಸದಾದೋರ ಜಿಗಿತ ಚಿಕ್ಕದು, ನಿಲ್ಲೋದು ಜಾಸ್ತಿ ಹೊತ್ತು, ಹಿಂದಕ್ಕೆ ತಿರುಗಿ ನೋಡೋದೂ ಜಾಸ್ತಿ. ಅಂದ್ರೆ ಒಂದೇ ಪುಟದಲ್ಲಿ ಅವರ ಕಣ್ಣಿಗೆ ಎರಡು ಪಟ್ಟು ಕೂಲಿ ಕೆಲಸ. ಸಾಲು ಉದ್ದ ಆದಷ್ಟೂ ಮುಂದಿನ ಸಾಲಿನ ತಲೆ ಹುಡುಕ್ಕೊಂಡು ಬರೋದು ಕಷ್ಟ. ಅಚ್ಚಿನ ಕೆಲಸ ಬಲ್ಲವರು ಇಂಗ್ಲಿಷ್ ಸಾಲಿಗೆ 50ರಿಂದ 75 ಅಕ್ಷರ ಸಾಕು ಅಂತ ಬಹಳ ಹಿಂದಿನಿಂದ ಹೇಳ್ಕೊಂಡು ಬಂದಿದ್ದಾರೆ. ನಮ್ಮ ಹಾಸ್ಟೆಲ್ಲಿಗೆ ಬರೋ ನೋಟ್ಸುಗಳಲ್ಲಿ ಎ4 ಹಾಳೆಯ ಈ ತುದಿಯಿಂದ ಆ ತುದಿಗೆ ಟೈಪು, ಸಾಲಿಗೆ 90 ಅಕ್ಷರ ಸಲೀಸಾಗಿ ದಾಟುತ್ತೆ. ಬೇಕಾದ್ರೆ ಎಣಿಸಿ.

ಈಗ ನನ್ನ ತಲೆ ಕೆಡಿಸಿದ ಒಂದು ಸಂಗತಿ ಹೇಳ್ತೀನಿ. 1970ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಗ್ರೆಗರಿ ಮತ್ತು ಪೋಲ್ಟನ್ ಅನ್ನೋ ಇಬ್ಬರು ಒಂದು ಪ್ರಯೋಗ ಪ್ರಕಟ ಮಾಡಿದ್ರು. ಗಿಡ್ಡ ಸಾಲಿನ ಕಾಲಂನಲ್ಲಿ ಎಡ-ಬಲ ಎರಡೂ ಅಂಚು ಗೋಡೆ ಕಟ್ಟಿದ ಹಾಗೆ ನೇರ ಇರೋ ಪಠ್ಯ ಒಂದು, ಬಲಗಡೆ ಅಂಚು ಅಂಕುಡೊಂಕಾಗಿ ಬಿಟ್ಟ ಪಠ್ಯ ಇನ್ನೊಂದು. ಅಂಚು ನೇರ ಮಾಡಬೇಕಾದ್ರೆ ಪದಗಳ ನಡುವಿನ ಜಾಗ ಹಿಗ್ಗಿಸಿ ಕುಗ್ಗಿಸಿ ಮಾಡಬೇಕು, ಗೊತ್ತಲ್ಲ. ಫಲಿತಾಂಶ ಏನು? ಚೆನ್ನಾಗಿ ಓದೋರಿಗೆ ಎರಡೂ ಒಂದೇ, ವ್ಯತ್ಯಾಸ ಇಲ್ಲ. ಓದೋದರಲ್ಲಿ ಹಿಂದೆ ಬಿದ್ದೋರು ಮಾತ್ರ ಆ ನೇರ ಅಂಚಿನ ಪಠ್ಯದಲ್ಲಿ ಇನ್ನೂ ಹಿಂದೆ ಬಿದ್ದರು. ಇದನ್ನ ಇನ್ನೊಂದು ಸಲ ಓದಿ. ಮುಂದಿರೋರಿಗೆ ತೊಂದರೆ ಕಾಣೋದೇ ಇಲ್ಲ, ಹಿಂದಿರೋರಿಗೆ ಮಾತ್ರ ಪೆಟ್ಟು. ನಮಗೆ ಇಂಥದ್ದು ಗುರುತು ಸಿಗದೆ ಇರುತ್ತಾ? ಮೇಲಿರೋನಿಗೆ "ಎಲ್ಲಿದೆ ರೀ ಈಗ ಜಾತಿ?" ಅಂತ ಪ್ರಾಮಾಣಿಕವಾಗಿಯೇ ಅನ್ನಿಸುತ್ತೆ. ಅವನ ಕಾಲಿಗೆ ಆ ಕಲ್ಲು ಎಡವೋದೇ ಇಲ್ಲವಲ್ಲ.

ಪುಟ ಕಟ್ಟೋರು ಯಾರು? ಇಂಗ್ಲಿಷ್ ಸಲೀಸಾಗಿ ಬರೋರು. ಪ್ರೂಫ್ ನೋಡೋರು? ಅವರೇ. ಒಪ್ಪಿಗೆ ಸಹಿ ಹಾಕೋರು? ಅವರೇ. ಅವರ ಕಣ್ಣಿಗೆ ಆ ಪುಟ ಚೆಂದ, ಅಚ್ಚುಕಟ್ಟು. ಅವರು ಸುಳ್ಳು ಹೇಳ್ತಿಲ್ಲ. ಅವರಿಗೆ ಅದು ನಿಜಕ್ಕೂ ಚೆಂದ.

ಸ್ವಲ್ಪ ಹಿಂದಕ್ಕೆ, ಯುರೋಪಿಗೆ ಹೋಗೋಣ. ಪದಗಳ ನಡುವೆ ನಾವು ಬಿಡೋ ಖಾಲಿ ಜಾಗ ಇದೆಯಲ್ಲ, ಅದು ಮೊದಲಿಂದ ಇರಲಿಲ್ಲ. ರೋಮನ್ನರ ಲ್ಯಾಟಿನ್ ಪುಸ್ತಕಗಳಲ್ಲಿ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸಾಲುಗಟ್ಟಿ ನಿಂತಿರ್ತಿದ್ವು. ಲ್ಯಾಟಿನ್ ಮನೆಮಾತಾಗಿದ್ದೋರಿಗೆ ಅದೇನು ಕಷ್ಟ ಅನ್ನಿಸಲಿಲ್ಲ. ಜೋರಾಗಿ ಬಾಯಲ್ಲಿ ಓದ್ತಿದ್ರು, ಕಿವಿಗೆ ಗೊತ್ತಿದ್ದ ಮಾತು, ತಾನೇ ಬಿಡಿ ಬಿಡಿಯಾಗ್ತಿತ್ತು. ಏಳನೇ ಶತಮಾನದ ಸುಮಾರಿಗೆ ಐರ್ಲೆಂಡಿನ ಸನ್ಯಾಸಿಗಳು ಆ ಪುಸ್ತಕಗಳನ್ನ ನಕಲು ಮಾಡೋಕೆ ಕೂತರು. ಅವರ ಮನೆಮಾತು ಐರಿಷ್. ಲ್ಯಾಟಿನ್ ಅವರಿಗೆ ಪುಸ್ತಕದಿಂದ ಕಲಿತ ಪರಭಾಷೆ. ಒಂದು ಪದ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಕಾಣದೆ ಹೋದಾಗ ಅವರು ಪದಪದದ ನಡುವೆ ಜಾಗ ಬಿಟ್ಟು ಬರೆಯೋಕೆ ಶುರು ಮಾಡಿದ್ರು. ಪಾಲ್ ಸೇಂಜರ್ ಅನ್ನೋ ವಿದ್ವಾಂಸ ಇದರ ಮೇಲೆ 1997ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾನೆ. ಇವತ್ತು ಇಂಗ್ಲಿಷಿನಲ್ಲಿ ಪದಗಳ ನಡುವೆ ಇರೋ ಆ ಜಾಗ ಪರಭಾಷೆಯಲ್ಲಿ ಓದೋಕೆ ಒದ್ದಾಡಿದೋರು ಮಾಡಿಕೊಂಡಿದ್ದು, ಆಮೇಲೆ ಎಲ್ಲರದ್ದಾಯ್ತು.

ನಮ್ಮ ಕಡೆಯೂ ಶಾಸನ ನೋಡಿ, ತಾಳೆಗರಿ ನೋಡಿ. ಪದಗಳ ನಡುವೆ ಜಾಗ ಇಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಪಾಠ ಮೊದಲೇ ಇಳಿದಿರುತ್ತಿತ್ತು. ಗರಿ ಬರೀ ಜ್ಞಾಪಕಕ್ಕೆ. ಕಿವಿಯಲ್ಲಿ ಪಾಠ ಇರೋನಿಗೆ ಪುಟದಲ್ಲಿ ಜಾಗ ಬೇಕಾಗಿಲ್ಲ. ಯಾರ ಕಿವಿಗೆ ಪಾಠ ಬೀಳದ ಹಾಗೆ ನೋಡ್ಕೊಂಡಿದ್ರೋ ಅವರಿಗೆ ಬೇಕು. ಇವತ್ತಿನ ಇಂಗ್ಲಿಷಿಗೂ ಇದೇ ಲೆಕ್ಕ. ಅಪ್ಪ-ಅಮ್ಮ ಊಟದ ಟೇಬಲ್ ಮೇಲೆ ಇಂಗ್ಲಿಷ್ ಮಾತಾಡೋ ಮನೆಯ ಹುಡುಗನಿಗೆ ಎಂಥ ಕೆಟ್ಟ ಜೆರಾಕ್ಸ್ ಕೊಟ್ಟರೂ ಓದ್ತಾನೆ, ಯಾಕಂದ್ರೆ ಅರ್ಧ ಅವನಿಗೆ ಕಿವಿಯಿಂದಲೇ ಗೊತ್ತು. ನಮ್ಮ ಮಗುವಿಗೆ ಇಂಗ್ಲಿಷ್ ಅಂದ್ರೆ ಆ ಪುಟ ಮಾತ್ರ, ಅದರ ಆಚೆ ಅದಕ್ಕೆ ಇಂಗ್ಲಿಷ್ ಇಲ್ಲ. ಹಾಗಾಗಿ ಪುಟ ಕೆಟ್ಟರೆ ಅದರ ಪಾಲಿಗೆ ಇಂಗ್ಲಿಷೇ ಕೆಟ್ಟ ಹಾಗೆ.

ಕೋಲಾರ ಸೀಮೆಯದು ಇನ್ನೊಂದು ಮೆಟ್ಟಿಲು. ನಮ್ಮ ಕೇರಿಗಳಲ್ಲಿ ಎಷ್ಟೋ ಮನೆಯಲ್ಲಿ ಮಾತು ತೆಲುಗು. ಕನ್ನಡ ಶಾಲೆಯಲ್ಲಿ ಕಲೀತಾರೆ. ಇಂಗ್ಲಿಷ್ ಬರೋ ಹೊತ್ತಿಗೆ ಅದು ಮೂರನೇದು. ಬೆಂಗಳೂರಿನಲ್ಲಿ ಕೂತು "ಮಾತೃಭಾಷೆಯಲ್ಲಿ ಕಲಿತರೆ ಇಂಗ್ಲಿಷ್ ತಾನಾಗೇ ಬರುತ್ತೆ" ಅನ್ನೋರು ಒಂದು ಸಲ ಮುಳಬಾಗಿಲಿನ ಆಚೆ ಬಂದು ಯಾವ ಮಾತೃ, ಯಾವ ಭಾಷೆ ಅಂತ ಕೇಳಿ.

ಇಂಗ್ಲಿಷ್ ಬೇಕಾ ಬೇಡ್ವಾ ಅನ್ನೋ ಜಗಳಕ್ಕೆ ನಾನು ಇಲ್ಲಿ ಹೋಗಲ್ಲ. ನಮ್ಮಲ್ಲಿ ಆ ಜಗಳ ಹಳೇದು, ಅದಕ್ಕೆ ರಕ್ತವೂ ಹರಿದಿದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದು, ಇಂಗ್ಲಿಷ್ ಕಲೀರಿ ಅಂದಿದ್ದಕ್ಕೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದ್ರು, ಅವರು ಮಂತ್ರಿ ಸ್ಥಾನ ಬಿಟ್ಟರು, ಆ ಕಿಚ್ಚಿನಿಂದಲೇ ನಮ್ಮ ಸಂಘಟನೆಗಳು ಎದ್ದವು. ಅರ್ಧ ಶತಮಾನ ದಾಟಿದೆ. ಇವತ್ತು ಇಂಗ್ಲಿಷ್ ಬೇಡ ಅನ್ನೋರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ಆ ಹಕ್ಕು ನಮ್ಮ ಮಕ್ಕಳಿಗೂ ಇದೆ. ನನ್ನ ಪ್ರಶ್ನೆ ಅದರ ಮುಂದಿನದು: ಹಕ್ಕು ಅಂತ ಕೈಗೆ ಕೊಟ್ಟ ಆ ಪುಸ್ತಕ ಓದೋ ಹಾಗೆ ಇದೆಯಾ?

ಸಾಲು ಎಲ್ಲಿ ಮುರಿಯುತ್ತೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಒಂದು ಉದಾಹರಣೆ ಕೊಡ್ತೀನಿ. ನಾನೇ ಮಾಡಿದ ವಾಕ್ಯ. "ದ ಮ್ಯಾನ್ ಹೂ ಕೇಮ್ ಯೆಸ್ಟರ್‌ಡೇ ವಿತ್ ಮೈ ಫಾದರ್ ಈಸ್ ಎ ಡಾಕ್ಟರ್." ನಿನ್ನೆ ನಮ್ಮಪ್ಪನ ಜೊತೆ ಬಂದಿದ್ದ ಮನುಷ್ಯ ಡಾಕ್ಟರು ಅಂತ ಅರ್ಥ. ಈಗ ಪುಟದಲ್ಲಿ "ವಿತ್" ಆದಮೇಲೆ ಸಾಲು ಮುಗೀತು ಅನ್ನಿ. ಮುಂದಿನ ಸಾಲು ಹೀಗೆ ಶುರುವಾಗುತ್ತೆ: "ಮೈ ಫಾದರ್ ಈಸ್ ಎ ಡಾಕ್ಟರ್." ಮಗು ಏನು ಓದುತ್ತೆ? ನಮ್ಮಪ್ಪ ಡಾಕ್ಟರು. ಡಾಕ್ಟರು ಯಾರು ಅಂತ ಪ್ರಶ್ನೆ ಕೇಳಿದರೆ "ಅಪ್ಪ" ಅಂತ ಬರೆಯುತ್ತೆ. ಸೊನ್ನೆ. ಗಾರೆ ಕೆಲಸಕ್ಕೆ ಹೋಗೋನ ಮಗು ತನ್ನಪ್ಪನ್ನ ಒಂದು ಸಾಲಿನ ಮಟ್ಟಿಗಾದ್ರೂ ಡಾಕ್ಟರ್ ಮಾಡಿತಲ್ಲ ಅಂತ ನಾವು ಒಂದಿನ ನಕ್ಕಿದ್ದೂ ಉಂಟು. ನಗು ಬೇಗ ಆರಿಹೋಯ್ತು.

ಇದು ಬರೀ ಅಜಾಗರೂಕತೆ ಅಲ್ಲ. ಕನ್ನಡ, ತೆಲುಗು ಎರಡರಲ್ಲೂ ವಿವರಣೆ ಮೊದಲು ಬರುತ್ತೆ, ಹೆಸರು ಆಮೇಲೆ, ಕ್ರಿಯಾಪದ ಕೊನೆಗೆ. "ನಿನ್ನೆ ಅಪ್ಪನ ಜೊತೆ ಬಂದಿದ್ದ" ಆಗ್ಲೇ ಹೇಳಿ ಮುಗಿಸಿ "ಮನುಷ್ಯ" ಅಂತೀವಿ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು ಬಂದು ನಿಲ್ತಾನೆ, ಅವನ ಬಾಲ ಹಿಂದೆ ಬರುತ್ತೆ, ಆ ಬಾಲ ಮುಗಿಯೋವರೆಗೂ ಅವನನ್ನ ನೆನಪಲ್ಲಿ ಹಿಡ್ಕೊಂಡಿರಬೇಕು. ನಮ್ಮ ಮಕ್ಕಳಿಗೆ ಆ ಹಿಡಿತ ಹೊಸದು. ಅದೇ ವಾಕ್ಯವನ್ನ ಹೀಗೆ ಇಡಿ:

ದ ಮ್ಯಾನ್
ಹೂ ಕೇಮ್ ಯೆಸ್ಟರ್‌ಡೇ ವಿತ್ ಮೈ ಫಾದರ್
ಈಸ್ ಎ ಡಾಕ್ಟರ್.

ಮುಗೀತು. ವ್ಯಾಕರಣ ಪಾಠ ಬೇಕಾಗಿಲ್ಲ, ಕಣ್ಣೇ ಕೆಲಸ ಮಾಡುತ್ತೆ. ಹೀಗೆ ಪದಗುಚ್ಛಕ್ಕೊಂದು ಸಾಲು ಮಾಡಿ ಓದಿಸೋ ಪ್ರಯೋಗ ಅಮೆರಿಕದ ಶಾಲೆಗಳಲ್ಲೂ ನಡೆದಿವೆ. ಇಡೀ ಪುಸ್ತಕ ಹೀಗೆ ಅಚ್ಚು ಮಾಡೋಕಾಗಲ್ಲ, ಒಪ್ತೀನಿ. ಪ್ರತಿ ಪಾಠದ ಮೊದಲ ಪುಟ ಮಾಡಬಹುದಲ್ಲ?

ಇನ್ನು ಸಾಲಿನ ಕೊನೆಯಲ್ಲಿ ಪದ ಕತ್ತರಿಸಿ ಹೈಫನ್ ಹಾಕೋ ಚಾಳಿ. ಕನ್ನಡದಲ್ಲಿ ಪದ ಎಲ್ಲಿ ಮುರಿದರೂ ಉಚ್ಚಾರಣೆ ಕೆಡಲ್ಲ, ಪ್ರತಿ ಅಕ್ಷರಕ್ಕೂ ಅದರದ್ದೇ ದನಿ ಇದೆ. ಆ ಅಭ್ಯಾಸದಲ್ಲಿ ಬೆಳೆದ ಮಗು ಇಂಗ್ಲಿಷಿನಲ್ಲೂ ಹಾಗೇ ನಂಬುತ್ತೆ. "ಲೆಜೆಂಡ್" ಅನ್ನೋ ಪದವನ್ನ ನಡುವೆ ಕತ್ತರಿಸಿದರೆ ಮೇಲಿನ ಸಾಲಿನಲ್ಲಿ "ಲೆಗ್", ಕೆಳಗಿನ ಸಾಲಿನಲ್ಲಿ "ಎಂಡ್". ಕಾಲು, ಕೊನೆ! "ನಾಲೆಡ್ಜ್" ಕತ್ತರಿಸಿದರೆ "ನೋ" ಮತ್ತು "ಲೆಡ್ಜ್". ಜ್ಞಾನ ಅನ್ನೋ ಪದವನ್ನೇ ಎರಡು ತುಂಡು ಮಾಡಿ ನಮ್ಮ ಮಕ್ಕಳ ಮುಂದೆ ಎಸೆದ ಹಾಗೆ. ಹೈಫನ್ ಆಫ್ ಮಾಡೋಕೆ ಡಿಟಿಪಿ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ನಯಾಪೈಸೆ ಖರ್ಚಿಲ್ಲ.

ಈಗ ಜೆರಾಕ್ಸ್ ಅಂಗಡಿಗೆ ಬನ್ನಿ. ನಮ್ಮ ಮಕ್ಕಳ ನಿಜವಾದ ಗ್ರಂಥಾಲಯ ಅದು. ಗೈಡು, ಪಾಸಿಂಗ್ ಪ್ಯಾಕೇಜು, ಸೀನಿಯರ್ ನೋಟ್ಸು, ಎಲ್ಲ ಅಲ್ಲಿಂದಲೇ. ದುಡ್ಡು ಉಳಿಸೋಕೆ ಎರಡು ಪುಟ ಸೇರಿಸಿ ಒಂದು ಹಾಳೆಗೆ ಹಾಕಿಸ್ತಾರೆ. ಎರಡು ಎ4 ಒಂದು ಎ4ಗೆ ಇಳಿದಾಗ ಅಕ್ಷರ ಸುಮಾರು ನೂರಕ್ಕೆ 71ಕ್ಕೆ ಕುಗ್ಗುತ್ತೆ. 11 ಪಾಯಿಂಟ್ ಇದ್ದ ಅಕ್ಷರ 8 ಪಾಯಿಂಟಿಗೂ ಕಡಿಮೆ. ಆ ಪ್ರತಿಯ ಮೇಲೆ ಮತ್ತೊಂದು ಜೆರಾಕ್ಸ್, ಅದರ ಮೇಲೆ ಇನ್ನೊಂದು. ಇಂಗ್ಲಿಷಿನ ಸಿ ಮತ್ತು ಇ, ಆರ್-ಎನ್ ಸೇರಿದ್ದು ಮತ್ತು ಎಂ, ಎಲ್ಲ ಒಂದೇ ಥರ ಕಾಣೋಕೆ ಶುರು. ಇಂಗ್ಲಿಷ್ ಬಲ್ಲೋನು ಊಹೆಯಿಂದ ತುಂಬಿಕೊಳ್ತಾನೆ. ಆ ಪದವನ್ನೇ ಮೊದಲ ಸಲ ನೋಡ್ತಿರೋ ಮಗು ಯಾವ ಊಹೆಯಿಂದ ತುಂಬಿಕೊಳ್ಳಬೇಕು? ಹಾಸ್ಟೆಲ್ಲಿನ ಟ್ಯೂಬ್‌ಲೈಟಿನ ಬೆಳಕನ್ನೂ ಇದಕ್ಕೆ ಸೇರಿಸ್ಕೊಳ್ಳಿ. ಹತ್ತು ಜನಕ್ಕೆ ಒಂದು.

ಮೊಬೈಲ್ ಇದೆಯಲ್ಲ ಅಂತೀರಾ. ಪಿಡಿಎಫ್ ಮೊಬೈಲಲ್ಲಿ ಓದಿದ್ದೀರಾ? ಎರಡು ಕಾಲಂ ಇರೋ ಪುಟ, ಆರಿಂಚಿನ ಪರದೆ. ಬೆರಳಲ್ಲಿ ಹಿಗ್ಗಿಸಬೇಕು, ಬಲಕ್ಕೆ ಎಳೀಬೇಕು, ಎಡಕ್ಕೆ ಎಳೀಬೇಕು, ಕೆಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಅಷ್ಟರಲ್ಲಿ ಮೊದಲ ಸಾಲು ಮರೆತುಹೋಗಿರುತ್ತೆ.

ಕಷ್ಟ ಪದಗಳ ಅರ್ಥ ಪಾಠದ ಕೊನೆಗೆ ಕೊಡೋದು ಇನ್ನೊಂದು. ಎಲ್ಲ ಪುಸ್ತಕದಲ್ಲೂ ಇದೇ ಕ್ರಮ, ಯಾರೂ ಯಾಕೆ ಅಂತ ಕೇಳಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಯಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ಇಂಗ್ಲಿಷ್ ಹೊಸದಾಗಿ ಕಲಿಯೋ ಮಕ್ಕಳಿಗೆ ಪದದ ಅರ್ಥವನ್ನ ಆ ಪದದ ಹತ್ತಿರವೇ ಇಟ್ಟಾಗ ಪಾಠ ಹೆಚ್ಚು ಅರ್ಥವಾಯ್ತು. ಪುಟ ತಿರುವಿ ಹೋಗಿ ಬರೋ ಶ್ರಮ ತಲೆಯಲ್ಲಿರೋ ಜಾಗವನ್ನ ತಿಂದುಹಾಕುತ್ತೆ ಅನ್ನೋದು ಅವರ ವಾದ. ಚೆನ್ನಾಗಿ ಬರೋರಿಗೆ ಮಾತ್ರ ಆ ಪಕ್ಕದ ಅರ್ಥಗಳು ಅಡ್ಡಗಾಲು. ಇನ್ನೊಂದು ಮಾತು, ಪಕ್ಕದಲ್ಲೇ ಅರ್ಥ ಇಟ್ಟರೆ ಪಾಠ ತಿಳಿಯುತ್ತೆ, ಆದರೆ ಆ ಪದ ನೆನಪಲ್ಲಿ ಉಳಿಯೋಕೆ ಬೇರೆ ಪಟ್ಟಿಯೇ ಒಳ್ಳೇದು ಅಂತಲೂ ಕಂಡಿತು. ಹಾಗಾಗಿ ಒಂದೇ ಮದ್ದು ಎಲ್ಲರಿಗೂ ಅಲ್ಲ. ಐದನೇ ತರಗತಿಗೆ ಒಂದು ಥರ, ಹತ್ತನೇ ತರಗತಿಗೆ ಇನ್ನೊಂದು ಥರ ಇರಬೇಕು. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಅಚ್ಚು.

ಗಡಿ ದಾಟಿದರೆ ಆಂಧ್ರ. 2020ರಿಂದ ಅಲ್ಲಿ ಸರ್ಕಾರಿ ಶಾಲೆಗೆ ಕನ್ನಡಿ ಥರದ ಪುಸ್ತಕ ಕೊಟ್ಟರು, ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ಅದೇ ಪಾಠ ತೆಲುಗಿನಲ್ಲಿ. ಮದನಪಲ್ಲಿ ಕಡೆ ನೆಂಟರ ಮನೆಯಲ್ಲಿ ಮೊದಲ ಸಲ ಅದನ್ನ ಕೈಯಲ್ಲಿ ಹಿಡಿದಾಗ ನಂಗೆ ಹೊಟ್ಟೆಕಿಚ್ಚಾಯ್ತು ಅಂತ ನೇರವಾಗೇ ಹೇಳ್ತೀನಿ. ನಮ್ಮಲ್ಲೂ 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯ್ತು, ದ್ವಿಭಾಷಾ ಪುಸ್ತಕಗಳೂ ಬಂದವು. ಒಳ್ಳೇದೇ. ಆದರೆ ಎದುರುಬದುರು ಪುಟಕ್ಕೂ ಒಂದು ಮಿತಿ ಇದೆ. ಮಗು ಜಾಣ. ತನಗೆ ಗೊತ್ತಿರೋ ಕಡೆಯ ಪುಟ ಓದಿ ಮುಗಿಸುತ್ತೆ, ಇಂಗ್ಲಿಷ್ ಪುಟ ಹೊಸದಾಗೇ ಉಳಿಯುತ್ತೆ. ಈ ಪ್ಯಾರಾಕ್ಕೆ ಆ ಪ್ಯಾರಾ ಅಂತ ಅಕ್ಕಪಕ್ಕ ನೇರ ನಿಲ್ಲಿಸಿ, ನಂಬರ್ ಹಾಕಿದ್ರೆ ಮಾತ್ರ ಅದು ಇಂದ ಇದಕ್ಕೆ ದಾಟೋಕೆ ಸೇತುವೆ ಆಗುತ್ತೆ. ಕನ್ನಡದ ಪದಗಳು ಉದ್ದ, ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಣಿತದ ಗುರುತು ಮೇಲೂ ಪಕ್ಕಕ್ಕೂ ಹೋಗುತ್ತೆ. ಇಂಗ್ಲಿಷಿನಷ್ಟೇ ಸಾಲಿನಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ. ಅದನ್ನೂ ಯಾರೋ ಕೂತು ನೋಡಬೇಕು.

ಪರೀಕ್ಷೆಗೆ ಬರೋಣ. ಇಲ್ಲೇ ನೋಡಿ ಹೊಟ್ಟೆ ಉರಿಯೋದು. ನೀಟ್‌ಗೆ ಕನ್ನಡದಲ್ಲಿ ಬರೀಬಹುದು, ಆದರೆ ಪ್ರಶ್ನೆಯಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತು ಅಂದ್ರೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆಯೇ ಮಾಡಬೇಕಾಯ್ತು. ಅನುವಾದದ ಬಗ್ಗೆ ಆಗ ಎಲ್ಲರೂ ಮಾತಾಡಿದ್ರು, ಸರಿ. ಆದರೆ ಯೋಚನೆ ಮಾಡಿ, ಕನ್ನಡ ಪ್ರಶ್ನೆ ಅನುಮಾನ ಬಂದಾಗ ಅಭ್ಯರ್ಥಿ ಇಂಗ್ಲಿಷ್ ಪ್ರಶ್ನೆ ನೋಡಬೇಕು. ಅದು ಎಲ್ಲಿದೆ? ಪಕ್ಕದಲ್ಲಾ, ಮೇಲಾ, ಹಿಂದಿನ ಪುಟದಲ್ಲಾ? ನೂರು ಪ್ರಶ್ನೆಯ ಪತ್ರಿಕೆಯಲ್ಲಿ ಪ್ರಶ್ನೆಗೆ ಹತ್ತು ಸೆಕೆಂಡು ಹುಡುಕಾಟಕ್ಕೆ ಹೋದರೆ ಒಟ್ಟು ಸಾವಿರ ಸೆಕೆಂಡು, ಹದಿನಾರು ನಿಮಿಷಕ್ಕೂ ಜಾಸ್ತಿ. ಇಂಗ್ಲಿಷಿನಲ್ಲೇ ಬರೆಯೋನಿಗೆ ಆ ಹದಿನಾರು ನಿಮಿಷ ಉಳಿಯುತ್ತೆ. ಆಮೇಲೆ ಅದಕ್ಕೆ ಮೆರಿಟ್ ಅಂತ ಹೆಸರಿಡ್ತಾರೆ.

ಇಂಗ್ಲಿಷ್ ಪತ್ರಿಕೆಗಳಲ್ಲಿ ಗದ್ಯಭಾಗ ಒಂದು ಪುಟದಲ್ಲಿ, ಅದರ ಪ್ರಶ್ನೆ ಹಾಳೆಯ ಹಿಂಬದಿಯಲ್ಲಿ. ಸೂಚನೆಗಳು ಪೂರ್ತಿ ದೊಡ್ಡಕ್ಷರದಲ್ಲಿ, ಮೇಲಿಂದ ಓರೆ ಅಕ್ಷರ ಬೇರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅನ್ನೋ ಭೇದವೇ ಇಲ್ಲ ಸ್ವಾಮಿ. ಮಕ್ಕಳು ಪುಸ್ತಕದಲ್ಲಿ ದಿನಾ ನೋಡೋದು ಚಿಕ್ಕಕ್ಷರ. ಪದದ ಆಕಾರ ಕಣ್ಣಿಗೆ ರೂಢಿಯಾಗಿರೋದು ಅದರಲ್ಲೇ. ಬಹಳ ಮುಖ್ಯವಾದ ಸೂಚನೆಯನ್ನೇ ಅವರಿಗೆ ರೂಢಿ ಇಲ್ಲದ ರೂಪದಲ್ಲಿ ಅಚ್ಚು ಮಾಡ್ತಾರೆ.

ಕೆಲವು ಸಂಗಾತಿಗಳು ಈ ಮಾತು ಹೇಳಿದಾಗ ಬೇಜಾರಾದರು. ಇಂಗ್ಲಿಷ್ ಮೇಷ್ಟ್ರೇ ಇಲ್ಲದ ಶಾಲೆ ಎಷ್ಟೋ ಇವೆ, ಗಣಿತದ ಮೇಷ್ಟ್ರು ಇಂಗ್ಲಿಷ್ ಮಾಡ್ತಿದ್ದಾರೆ, ಹಾಸ್ಟೆಲ್ಲಿಗೆ ವಾರ್ಡನ್ ಇಲ್ಲ, ನೀನು ಅಂಚು-ಸಾಲು ಅಂತ ಕೂತಿದ್ದೀಯ ಅಂತ. ಅವರ ಮಾತಿನಲ್ಲಿ ನಿಜ ಇದೆ. ಪುಟ ಸರಿ ಮಾಡಿದ ಮಾತ್ರಕ್ಕೆ ಯಾರಿಗೂ ಇಂಗ್ಲಿಷ್ ಬರಲ್ಲ. ಪದ ಗೊತ್ತಿಲ್ಲದೋನಿಗೆ ಅಕ್ಷರ ದೊಡ್ಡದು ಮಾಡಿದರೆ ಗೊತ್ತಿಲ್ಲದ ಪದ ದೊಡ್ಡದಾಗಿ ಕಾಣುತ್ತೆ, ಅಷ್ಟೇ. ಆದರೆ ಮೇಷ್ಟ್ರಿಲ್ಲದ ಕಡೆಯೇ ಪುಟದ ಮೇಲೆ ಭಾರ ಜಾಸ್ತಿ ಬೀಳೋದು. ಮೇಷ್ಟ್ರಿದ್ದರೆ ಓದಿ ಹೇಳ್ತಾನೆ, ಎಲ್ಲಿ ನಿಲ್ಲಬೇಕು ಅಂತ ದನಿಯಲ್ಲೇ ತೋರಿಸ್ತಾನೆ. ಅವನಿಲ್ಲದಾಗ ಆ ಕೆಲಸವನ್ನ ಪುಟವೇ ಮಾಡಬೇಕು. ಮೇಷ್ಟ್ರ ನೇಮಕಾತಿಗೆ ಹೋರಾಟ ನಡೀತಾನೇ ಇರಲಿ, ಅದಕ್ಕೆ ಇನ್ನೂ ಐದು ವರ್ಷ ಹಿಡಿಯಬಹುದು. ಹೈಫನ್ ತೆಗೆಯೋಕೆ ಐದು ವರ್ಷ ಬೇಕಾ?

ಖರ್ಚಿನ ಮಾತೂ ಬರುತ್ತೆ. ಸಾಲಿನ ನಡುವೆ ಜಾಗ ಬಿಟ್ಟರೆ ಪುಟ ಜಾಸ್ತಿ, ಪುಟ ಜಾಸ್ತಿ ಆದ್ರೆ ಟೆಂಡರ್ ದರ ಜಾಸ್ತಿ. ಸರಿ, ನಾನೇ ಜಾಗ ಹುಡುಕಿ ಕೊಡ್ತೀನಿ. ಯಾವ ಪಠ್ಯಪುಸ್ತಕ ತೆಗೆದರೂ ಪಾಠ ಶುರುವಾಗೋ ಮುಂಚೆ ಮುನ್ನುಡಿ, ಆಶಯ ನುಡಿ, ಸಮಿತಿ ಸದಸ್ಯರ ಪಟ್ಟಿ, ಪರಿಶೀಲನಾ ಸಮಿತಿ, ಸಲಹಾ ಸಮಿತಿ. ಯಾವ ಮಗು ಅದನ್ನ ಓದಿದೆ? ಅಕ್ಷರದ ಹಿಂದೆ ತಿಳಿ ಬಣ್ಣದ ಹೂವು, ಬಳ್ಳಿ, ಮೋಡ ಬಿಡಿಸಿರ್ತಾರಲ್ಲ, ಅದನ್ನ ಕಿತ್ತುಹಾಕಿ, ಶಾಯಿಯೂ ಉಳಿಯುತ್ತೆ, ಅಕ್ಷರವೂ ಕಾಣುತ್ತೆ.

2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ಗಲಾಟೆಯಲ್ಲಿ ನಾವೆಲ್ಲ ಬೀದಿಗಿಳಿದಿದ್ವಿ. ಯಾವ ಪಾಠ ಇರಬೇಕು, ಯಾವ ಸಾಲು ತೆಗೆದರು ಅಂತ ಅಕ್ಷರ ಅಕ್ಷರ ನೋಡಿದ್ವಿ. ಆ ಹೋರಾಟ ಬೇಕಿತ್ತು. ಈಗ ಅದೇ ಕಣ್ಣಲ್ಲಿ ಪುಟವನ್ನೂ ನೋಡೋಣ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪುಸ್ತಕದಲ್ಲಿ ಬಾಬಾಸಾಹೇಬರ ಮೇಲೆ ಒಂದು ಪಾಠ ನಾನು ಮಕ್ಕಳಿಗೆ ಓದಿಸಿದ್ದೇನೆ. ಅವರಿಗೆ ಪುಸ್ತಕದ ಹಸಿವು ಎಷ್ಟಿತ್ತು, ನ್ಯೂಯಾರ್ಕಿನಲ್ಲಿ ಓದುವಾಗ ಹೊಟ್ಟೆ ಬಟ್ಟೆ ಕಟ್ಟಿ ಸುಮಾರು 2,000 ಹಳೇ ಪುಸ್ತಕ ಕೊಂಡರು ಅಂತೆಲ್ಲ ಅದರಲ್ಲಿದೆ. ಆ ಪಾಠದ ಡಬಲ್ ಪೇಜ್ ಜೆರಾಕ್ಸ್ ಹಿಡಿದು ಒಂದು ಹುಡುಗಿ ಕಣ್ಣು ಕಿರಿದು ಮಾಡಿ ಓದೋಕೆ ಒದ್ದಾಡೋದನ್ನ ನೋಡಿದ ಮೇಲೆ ಈ ಪೋಸ್ಟ್ ಬರೀದೆ ಇರೋಕಾಗಲಿಲ್ಲ.

ಸರ್ಕಾರ ಮಾಡೋವರೆಗೂ ಕಾಯೋದು ಬೇಡ ಅಂತ ನಾವು ಒಂದು ಸಣ್ಣ ಕೆಲಸ ಶುರು ಮಾಡಿದ್ದೀವಿ. 1936ರ 'ಅನ್ನಿಹಿಲೇಶನ್ ಆಫ್ ಕಾಸ್ಟ್' ನಮ್ಮ ಪಿಯುಸಿ, ಡಿಗ್ರಿ ಹುಡುಗರು ಇಂಗ್ಲಿಷಿನಲ್ಲೇ ಓದಬೇಕು ಅನ್ನೋದು ಆಸೆ. ಮಹಾರಾಷ್ಟ್ರ ಸರ್ಕಾರ 1979ರಲ್ಲಿ ತಂದ ಮೊದಲ ಸಂಪುಟದಲ್ಲಿ ಅದಿದೆ, ಆದರೆ ಪುಟ ತುಂಬ ಒತ್ತೊತ್ತು. ನಾವು ಅದನ್ನ ಹೊಸದಾಗಿ ಟೈಪ್ ಮಾಡಿ, 13 ಪಾಯಿಂಟ್ ಅಕ್ಷರ, ಸಾಲಿಗೆ 55-60 ಅಕ್ಷರ, ಬಲ ಅಂಚು ಅಂಕುಡೊಂಕು, ಹೈಫನ್ ಇಲ್ಲ, ಉದ್ದ ವಾಕ್ಯಗಳನ್ನ ಪದಗುಚ್ಛದ ಕಡೆ ಮುರಿದು, ಪಕ್ಕದ ಅಂಚಿನಲ್ಲಿ ಕಷ್ಟ ಪದಕ್ಕೆ ಕನ್ನಡ ಅರ್ಥ ಇಟ್ಟಿದ್ದೀವಿ. ಬಾಬಾಸಾಹೇಬರ ಒಂದು ಪದವನ್ನೂ ಬದಲಾಯಿಸಿಲ್ಲ. ಮೊದಲ ಆರು ಭಾಗ ಆಗಿದೆ. ಹೋದ ತಿಂಗಳು ಏಳು ಜನ ಕೂತು ಎರಡು ಭಾಗ ಓದಿದ್ರು, ಜಗಳ ಆಡಿದ್ರು, ಮೂರನೇದು ಯಾವಾಗ ಅಂತ ಕೇಳಿದ್ರು.

ಡಿಟಿಪಿ ಗೊತ್ತಿರೋ ಗೆಳೆಯರು ಬೇಕು, ಸಂಬಳ ಇಲ್ಲ, ಟೀ ಇದೆ. ಶಾಲೆ ಮೇಷ್ಟ್ರುಗಳು ನಿಮ್ಮ ಮಕ್ಕಳು ಓದೋ ಪುಟದ ಫೋಟೋ ತೆಗೆದು ಕಳಿಸಿ, ಸಾಲಿಗೆ ಎಷ್ಟು ಅಕ್ಷರ ಅಂತ ಎಣಿಸಿ ಬರೀರಿ. ಪಠ್ಯಪುಸ್ತಕ ಸಂಘಕ್ಕೆ ಮನವಿ ಕೊಡೋವಾಗ ಅವನ್ನೇ ಮುಂದಿಡ್ತೀವಿ. ಆರು ಭಾಗದ ಪಿಡಿಎಫ್ ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ, ಮೊಬೈಲಿಗೆ ಬೇರೆ, ಪ್ರಿಂಟಿಗೆ ಬೇರೆ ಮಾಡಿಟ್ಟಿದ್ದೀವಿ. ಪ್ರಿಂಟ್ ಹಾಕಿಸೋರು ದಯವಿಟ್ಟು ಎರಡು ಪುಟ ಒಂದೇ ಹಾಳೆಗೆ ಹಾಕಿಸಬೇಡಿ.

ಜೈಭೀಮ್.